ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಮತ್ತು ಅವರಿಗೆ ಬಂದ ಅಂತಾರಾಷ್ಟ್ರೀಯ ಪ್ರಶಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸೆಪ್ಟೆಂಬರ್ 10 ಹತ್ತಿರ ಬಂತೆಂದರೆ ಶಾಲೆಯ ಮೇಷ್ಟ್ರುಗಳು, ಕಾಲೇಜು ವಿದ್ಯಾರ್ಥಿಗಳು, ಗ್ರಂಥಾಲಯ ನಡೆಸುವವರು ಸ್ಟ್ಯಾಟಿಸ್ಟಿಕ್ಸ್ (ಸಂಖ್ಯಾಶಾಸ್ತ್ರ) ವಿದ್ವಾಂಸ ಸಿ.ಆರ್. ರಾವ್ ಬಗ್ಗೆ ಕೇಳಲು ಶುರು ಮಾಡುತ್ತಾರೆ. ಅವರ ಹುಟ್ಟುಹಬ್ಬ ಮಾಡಬೇಕು, ಏನು ಹೇಳೋಣ, ಯಾವುದು ನಿಜ, ಯಾವುದು ಸುಮ್ನೆ ಹಬ್ಬಿದ ಸುದ್ದಿ ಅಂತ. ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವ ನನಗೆ ಇಂಥ ಪ್ರಶ್ನೆ ಬಂದಾಗಲೆಲ್ಲ ಖುಷಿಯಾಗುತ್ತದೆ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಪ್ರಶಸ್ತಿ ಬಂದ ವಿದ್ವಾಂಸರನ್ನು ನಾವು ಮನಸಾರೆ ಕೊಂಡಾಡಬೇಕು. ಆದರೆ ಅವರು ಕಂಡುಹಿಡಿದದ್ದು ಏನು ಅಂತ ನಮ್ಮ ಮಕ್ಕಳಿಗೆ ನಾಲ್ಕು ಮಾತಿನಲ್ಲಿ ಹೇಳಲೂ ಬರಬೇಕು. ಬರೀ ಹೆಸರು, ಫೋಟೋ, ಹಣದ ಮೊತ್ತ ಹೇಳಿ ಚಪ್ಪಾಳೆ ತಟ್ಟಿದರೆ ಸಾಲದು.

ಸಿ.ಆರ್. ರಾವ್ ಯಾರು?

ಪೂರ್ತಿ ಹೆಸರು ಕಲ್ಯಂಪುಡಿ ರಾಧಾಕೃಷ್ಣ ರಾವ್. 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ ಹುಟ್ಟಿದರು. ತಂದೆ ಪೊಲೀಸ್ ಇನ್‌ಸ್ಪೆಕ್ಟರ್. ಮನೆಯಲ್ಲಿ ಎಂಟನೇ ಮಗುವಾದ್ದರಿಂದ ಕೃಷ್ಣನ ಹೆಸರು ಬಂತು. ತಂದೆಗೆ ವರ್ಗವಾದಂತೆ ಆಂಧ್ರದ ಬೇರೆ ಬೇರೆ ಊರುಗಳಲ್ಲಿ ಓದಿದರು. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಎಂ.ಎ., ಆಮೇಲೆ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ 1943ರಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂ.ಎ. ಮುಗಿಸಿದರು. ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಅಂದರೆ ಐಎಸ್ಐಯಲ್ಲಿ ಹೆಚ್ಚುಕಡಿಮೆ ನಾಲ್ಕು ದಶಕ ಇದ್ದು, ಕೊನೆಗೆ ಅದರ ನಿರ್ದೇಶಕರೂ ಆದರು. 1979ರ ನಂತರ ಅಮೆರಿಕದಲ್ಲಿ ಪಿಟ್ಸ್‌ಬರ್ಗ್, ಪೆನ್ ಸ್ಟೇಟ್ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡಿದರು. 2023ರ ಆಗಸ್ಟ್ 22ರಂದು ತೀರಿಕೊಂಡರು. 103 ತುಂಬಲು ಮೂರು ವಾರವೂ ಉಳಿದಿರಲಿಲ್ಲ.

ಅಂದರೆ ಭಾರತ ರತ್ನ ಬಂದ ರಾವ್ ಅವರೇ ಅಲ್ವಾ?

ಅಲ್ಲ. ಭಾರತ ರತ್ನ ಬಂದವರು ಸಿ.ಎನ್.ಆರ್. ರಾವ್. ಅವರು ರಸಾಯನ ವಿಜ್ಞಾನಿ, 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಅವರು ಕಟ್ಟಿದ್ದು. ಅವರಿಗೂ 2005ರಲ್ಲಿ ಡ್ಯಾನ್ ಡೇವಿಡ್ ಪ್ರಶಸ್ತಿಯಂಥ ದೊಡ್ಡ ಅಂತಾರಾಷ್ಟ್ರೀಯ ಗೌರವ ಬಂದಿದೆ. ಇಬ್ಬರೂ ದೊಡ್ಡವರು, ಇಬ್ಬರ ಕ್ಷೇತ್ರವೂ ಬೇರೆ ಬೇರೆ.

2023ರಲ್ಲಿ ಸಿ.ಆರ್. ರಾವ್ ಅವರಿಗೆ ಬಂದದ್ದು ನೊಬೆಲ್ ಪ್ರಶಸ್ತಿಯಾ?

ಅಲ್ಲ. ಬಂದದ್ದು 'ಇಂಟರ್‌ನ್ಯಾಷನಲ್ ಪ್ರೈಜ್ ಇನ್ ಸ್ಟ್ಯಾಟಿಸ್ಟಿಕ್ಸ್'. ಪತ್ರಿಕೆಗಳು ಅದನ್ನು 'ಸ್ಟ್ಯಾಟಿಸ್ಟಿಕ್ಸ್‌ನ ನೊಬೆಲ್' ಅಂತ ಕರೆದವು. ಆ ಕ್ಷೇತ್ರದಲ್ಲಿ ಅದಕ್ಕಿರುವ ತೂಕ ಹೇಳಲು ಆ ಮಾತು ಸರಿ. ಆದರೆ ನೊಬೆಲ್ ಪ್ರತಿಷ್ಠಾನಕ್ಕೂ ಇದಕ್ಕೂ ಸಂಬಂಧವಿಲ್ಲ. ಗಣಿತಕ್ಕಾಗಲಿ ಸ್ಟ್ಯಾಟಿಸ್ಟಿಕ್ಸ್‌ಗಾಗಲಿ ನೊಬೆಲ್ ಇಲ್ಲವೇ ಇಲ್ಲ. ಗಣಿತದವರಿಗೆ ಫೀಲ್ಡ್ಸ್ ಪದಕ ಇದೆ, ಏಬೆಲ್ ಪ್ರಶಸ್ತಿ ಇದೆ. ಸ್ಟ್ಯಾಟಿಸ್ಟಿಕ್ಸ್‌ಗೆ ಅಂಥದ್ದೊಂದು ಬೇಕು ಅಂತ ಜಗತ್ತಿನ ಐದು ದೊಡ್ಡ ಸಂಘಗಳು ಸೇರಿ ಇದನ್ನು ಶುರು ಮಾಡಿದವು. ಎರಡು ವರ್ಷಕ್ಕೊಮ್ಮೆ ಕೊಡುತ್ತಾರೆ. 2017ರಲ್ಲಿ ಬ್ರಿಟನ್ನಿನ ಡೇವಿಡ್ ಕಾಕ್ಸ್, 2019ರಲ್ಲಿ ಅಮೆರಿಕದ ಬ್ರಾಡ್ಲಿ ಎಫ್ರಾನ್, 2021ರಲ್ಲಿ ನ್ಯಾನ್ ಲೇರ್ಡ್, 2023ರಲ್ಲಿ ನಮ್ಮ ರಾವ್, 2025ರಲ್ಲಿ ಗ್ರೇಸ್ ವಾಬಾ.

ರಾವ್ ಅವರ ಹೆಸರು 2023ರ ಏಪ್ರಿಲ್ 1ರಂದು ಪ್ರಕಟವಾಯಿತು. ಪ್ರದಾನ ಆದದ್ದು ಜುಲೈನಲ್ಲಿ, ಕೆನಡಾದ ಒಟ್ಟಾವಾದಲ್ಲಿ ನಡೆದ ವಿಶ್ವ ಸಮ್ಮೇಳನದಲ್ಲಿ.

ಹಣ ಎಷ್ಟು?

80,000 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 65 ಲಕ್ಷ ರೂಪಾಯಿ.

ಯಾವ ಕೆಲಸಕ್ಕೆ ಕೊಟ್ಟರು?

1945ರಲ್ಲಿ ಬರೆದ ಒಂದೇ ಒಂದು ಪ್ರಬಂಧಕ್ಕೆ. ಕಲ್ಕತ್ತಾ ಮ್ಯಾಥಮೆಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಹೊರದೇಶದವರ ಕೈಗೆ ಸುಲಭಕ್ಕೆ ಸಿಗುವ ಪತ್ರಿಕೆಯೂ ಅಲ್ಲ. ಬರೆದವರಿಗೆ ಇನ್ನೂ ಪಿಎಚ್.ಡಿ. ಆಗಿರಲಿಲ್ಲ. ವಯಸ್ಸು ಇಪ್ಪತ್ತೈದರ ಆಸುಪಾಸು. ಆ ಒಂದು ಪ್ರಬಂಧದಲ್ಲಿ ಮೂರು ಹೊಸ ವಿಚಾರಗಳಿದ್ದವು. ಇವತ್ತು ಅವನ್ನು ಕ್ರಾಮೆರ್-ರಾವ್ ಮಿತಿ, ರಾವ್-ಬ್ಲ್ಯಾಕ್‌ವೆಲ್ ಪ್ರಮೇಯ, ಇನ್‌ಫರ್ಮೇಷನ್ ಜಿಯಾಮೆಟ್ರಿ ಅಂತ ಕರೆಯುತ್ತಾರೆ. ಒಂದೊಂದೂ ಒಬ್ಬ ಸಂಶೋಧಕನಿಗೆ ಜೀವಮಾನದ ಹೆಸರು ತರುವಷ್ಟು ದೊಡ್ಡದು.

ಆ ಕಾಲವನ್ನೂ ನೆನಪಿಟ್ಟುಕೊಳ್ಳಿ. ಎರಡನೇ ಮಹಾಯುದ್ಧ ನಡೆಯುತ್ತಿತ್ತು. 1943ರ ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತಿದ್ದರು. ಕಂಪ್ಯೂಟರ್ ಅನ್ನುವುದು ಇರಲಿಲ್ಲ. ಅಂಥ ಊರಲ್ಲಿ ಕೂತು, ದೇಶ ಇನ್ನೂ ಸ್ವತಂತ್ರವಾಗುವ ಮೊದಲೇ, ಒಬ್ಬ ಯುವಕ ಇದನ್ನು ಬರೆದ. ವಿದೇಶಕ್ಕೆ ಹೋದ ಮೇಲೆಯೇ ದೊಡ್ಡ ಕೆಲಸ ಆಗುತ್ತದೆ ಅಂತ ನಂಬಿರುವ ನಮ್ಮ ಮಕ್ಕಳಿಗೆ ಇದನ್ನು ಹೇಳಲೇಬೇಕು.

ಕ್ರಾಮೆರ್-ರಾವ್ ಮಿತಿ ಅಂದರೇನು? ಗಣಿತ ಬಾರದವರಿಗೂ ತಿಳಿಯುವ ಹಾಗೆ ಹೇಳಲು ಆಗುತ್ತಾ?

ಆಗುತ್ತದೆ. ಹಡಗಲಿ ಮಲ್ಲಿಗೆಗೆ ಹೆಸರಾದ ಊರು. ತಾಲ್ಲೂಕಿನಲ್ಲಿ ನೂರಕ್ಕೆ ಎಷ್ಟು ಮನೆಗಳವರು ಮಲ್ಲಿಗೆ ಬೆಳೆಯುತ್ತಾರೆ ಅಂತ ನೀವು ತಿಳಿಯಬೇಕು ಅಂದುಕೊಳ್ಳಿ. ಎಲ್ಲ ಮನೆಗೂ ಹೋಗಲು ಆಗುವುದಿಲ್ಲ. ಚೀಟಿ ಎತ್ತಿದ ಹಾಗೆ ಯಾವುದೇ ಆಯ್ಕೆ ಮಾಡದೆ 100 ಮನೆ ಹಿಡಿದು ಕೇಳುತ್ತೀರಿ. ನಿಜವಾದ ಉತ್ತರ ಅರ್ಧಕ್ಕರ್ಧ, ಅಂದರೆ ನೂರಕ್ಕೆ 50 ಅಂತ ಇಟ್ಟುಕೊಳ್ಳೋಣ. ನಿಮಗೆ 47 ಸಿಗಬಹುದು, 54 ಸಿಗಬಹುದು. ಹೀಗೆ ಆಚೀಚೆ ಆಗುವುದು ಸಾಮಾನ್ಯವಾಗಿ 5ರಷ್ಟು ಇರುತ್ತದೆ.

ಈಗ ಒಬ್ಬ ಬುದ್ಧಿವಂತ ಬಂದು, 'ನನ್ನ ಹತ್ತಿರ ಒಳ್ಳೆ ಸೂತ್ರ ಇದೆ, ಅದೇ 100 ಮನೆಯ ಮಾಹಿತಿಯಿಂದ ತಪ್ಪನ್ನು 5ರಿಂದ 2ಕ್ಕೆ ಇಳಿಸುತ್ತೇನೆ' ಅನ್ನುತ್ತಾನೆ. ನಂಬಬಹುದಾ? ರಾವ್ ಹೇಳಿದ್ದು ಇದನ್ನೇ: ಸೂತ್ರ ಯಾವುದೇ ಇರಲಿ, ಅದು ಒಂದೇ ಕಡೆಗೆ ವಾಲದೆ ಸರಾಸರಿಯಲ್ಲಿ ನಿಜವಾದ ಉತ್ತರವನ್ನೇ ಕೊಡುವಂಥದ್ದಾದರೆ, ಅದರ ತಪ್ಪು ಇಂತಿಷ್ಟಕ್ಕಿಂತ ಕೆಳಗೆ ಇಳಿಯಲು ಸಾಧ್ಯವೇ ಇಲ್ಲ. ಆ 'ಇಂತಿಷ್ಟು' ಎಷ್ಟು ಅಂತ ಮೊದಲೇ ಲೆಕ್ಕ ಹಾಕಬಹುದು. ನಮ್ಮ ಉದಾಹರಣೆಯಲ್ಲಿ ಅದು 5. ಅದಕ್ಕಿಂತ ನಿಖರವಾಗಿ ಬೇಕಾದರೆ ಜಾಸ್ತಿ ಮನೆಗೆ ಹೋಗಬೇಕು, ಬೇರೆ ದಾರಿ ಇಲ್ಲ. ತಪ್ಪು 2.5ಕ್ಕೆ ಇಳಿಯಬೇಕಾದರೆ 400 ಮನೆ. 1ಕ್ಕೆ ಇಳಿಯಬೇಕಾದರೆ 2,500 ಮನೆ.

ಮಾಹಿತಿಯೊಳಗೆ ಎಷ್ಟು ಸತ್ವ ಇದೆಯೋ ಅಷ್ಟನ್ನೇ ಹಿಂಡಬಹುದು. ಆ ಸತ್ವ ಎಷ್ಟಿದೆ ಅಂತ ಅಳೆಯುವ ಬಗೆಯನ್ನು ಇಂಗ್ಲೆಂಡಿನ ಆರ್.ಎ. ಫಿಶರ್ ಮೊದಲೇ ಕೊಟ್ಟಿದ್ದರು. ಅದಕ್ಕೂ ತಪ್ಪಿನ ಕನಿಷ್ಠ ಮಟ್ಟಕ್ಕೂ ಇರುವ ನಂಟನ್ನು, ಮಾಹಿತಿ ಸ್ವಲ್ಪವೇ ಇದ್ದಾಗಲೂ ನಿಲ್ಲುವ ಹಾಗೆ, ರಾವ್ ಸಾಧಿಸಿ ತೋರಿಸಿದರು.

ಇದರ ಉಪಯೋಗ ಏನು ಅಂತ ಕೇಳುವವರಿದ್ದಾರೆ. ರಾಡಾರ್ ಮಾಡುವವರು, ಜಿಪಿಎಸ್ ಮಾಡುವವರು, ಆಸ್ಪತ್ರೆಯ ಸ್ಕ್ಯಾನಿಂಗ್ ಚಿತ್ರ ಸುಧಾರಿಸುವವರು, ಎಲ್ಲರೂ ತಮ್ಮ ವಿಧಾನವನ್ನು ಈ ಮಿತಿಯ ಪಕ್ಕ ಇಟ್ಟು ನೋಡುತ್ತಾರೆ. ಮಿತಿಯ ಹತ್ತಿರ ಬಂದಿದ್ದರೆ ಅಲ್ಲಿಗೆ ನಿಲ್ಲಿಸಬಹುದು. ದೂರ ಇದ್ದರೆ ಇನ್ನೂ ಸುಧಾರಿಸಲು ಜಾಗ ಇದೆ ಅಂತ ಅರ್ಥ.

ಇದನ್ನು ಒಂದೇ ರಾತ್ರಿಯಲ್ಲಿ ಕಂಡುಹಿಡಿದರು ಅನ್ನುತ್ತಾರಲ್ಲ, ಕಟ್ಟುಕಥೆಯಾ?

ಕಟ್ಟುಕಥೆ ಅಲ್ಲ, ರಾವ್ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡದ್ದು. ನನಗೆ ಅವರ ಬದುಕಿನಲ್ಲಿ ತುಂಬ ಇಷ್ಟವಾದ ಘಟನೆಯೂ ಇದೇ.

1944ರಲ್ಲಿ ಅವರು ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಮಾಹಿತಿ ರಾಶಿಗಟ್ಟಲೆ ಇದ್ದಾಗ ತಪ್ಪು ಎಷ್ಟಕ್ಕೆ ಇಳಿಯುತ್ತದೆ ಅನ್ನುವ ಫಿಶರ್ ಅವರ ಫಲಿತಾಂಶ ಆವತ್ತಿನ ಪಾಠ. ತರಗತಿಯಲ್ಲಿದ್ದ ವಿ.ಎಂ. ದಾಂಡೇಕರ್ ಅನ್ನುವ ವಿದ್ಯಾರ್ಥಿ ಎದ್ದು, ಮಾಹಿತಿ ಕಡಿಮೆ ಇದ್ದಾಗಲೂ ಇಂಥದ್ದೊಂದನ್ನು ಸಾಧಿಸಬಹುದಲ್ಲವೇ ಅಂತ ಕೇಳಿದ. ರಾವ್ ಬಳಿ ಉತ್ತರ ಇರಲಿಲ್ಲ. ಆ ರಾತ್ರಿ ಮನೆಯಲ್ಲಿ ಕೂತು ಲೆಕ್ಕ ಮಾಡಿದರು. ಮಾರನೇ ದಿನ ತರಗತಿಗೆ ಉತ್ತರ ತಂದರು.

ಆ ವಿದ್ಯಾರ್ಥಿ ಮುಂದೆ ಪುಣೆಯಲ್ಲಿ ಹೆಸರಾಂತ ಅರ್ಥಶಾಸ್ತ್ರಜ್ಞರಾದರು. ಭಾರತದ ಬಡತನವನ್ನು ಲೆಕ್ಕಕ್ಕೆ ತಂದ ದಾಂಡೇಕರ್-ರಥ್ ಅಧ್ಯಯನ ಅವರದೇ.

ಒಂದು ರಾತ್ರಿ ಅನ್ನುವುದನ್ನು ಮಾತ್ರ ಸ್ವಲ್ಪ ತಡೆದು ಹೇಳಿ. ಆ ರಾತ್ರಿಗೆ ಮೊದಲು ವರ್ಷಗಟ್ಟಲೆ ಓದು ಇತ್ತು. ಬೆಳಗಿನ ಜಾವ ನಾಲ್ಕಕ್ಕೆ ತಾಯಿ ಲಕ್ಷ್ಮೀಕಾಂತಮ್ಮ ಎಬ್ಬಿಸಿ, ಎಣ್ಣೆ ದೀಪ ಹಚ್ಚಿಟ್ಟು ಓದಲು ಕೂರಿಸುತ್ತಿದ್ದರು ಅಂತ ರಾವ್ ತಮ್ಮ ಪುಸ್ತಕವೊಂದರ ಅರ್ಪಣೆಯಲ್ಲಿ ನೆನೆದಿದ್ದಾರೆ. ಪ್ರಶ್ನೆ ಬಂದಾಗ ಉತ್ತರ ಹೊಳೆಯಲು ಆ ತಯಾರಿ ಬೇಕಿತ್ತು. ಇನ್ನೊಂದು ಮಾತು, ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದ ಹುಡುಗನನ್ನು ಮೇಷ್ಟ್ರು ಗದರಿಸಿ ಕೂರಿಸಿದ್ದರೆ ಈ ಪ್ರಶಸ್ತಿಯ ಕಥೆಯೇ ಇರುತ್ತಿರಲಿಲ್ಲ. ನಮ್ಮ ಎಷ್ಟು ತರಗತಿಗಳಲ್ಲಿ ಇವತ್ತು ಅಂಥ ಪ್ರಶ್ನೆಗೆ ಜಾಗ ಇದೆ?

ಉಳಿದ ಎರಡು ವಿಚಾರಗಳನ್ನೂ ಸರಳವಾಗಿ ಹೇಳಬಹುದಾ?

ರಾವ್-ಬ್ಲ್ಯಾಕ್‌ವೆಲ್ ಪ್ರಮೇಯವನ್ನು ಅದೇ 100 ಮನೆಗಳಲ್ಲೇ ತೋರಿಸಬಹುದು. ಸಮೀಕ್ಷೆಗೆ ಹೋದವನೊಬ್ಬ ಸೋಮಾರಿ. 100 ಮನೆಯ ಮಾಹಿತಿ ಕೈಯಲ್ಲಿದ್ದರೂ ಮೊದಲ ಮನೆಯನ್ನು ಮಾತ್ರ ನೋಡುತ್ತಾನೆ. ಅವರು ಮಲ್ಲಿಗೆ ಬೆಳೆದರೆ 'ನೂರಕ್ಕೆ ನೂರು', ಬೆಳೆಯದಿದ್ದರೆ 'ಸೊನ್ನೆ' ಅಂತ ಬರೆಯುತ್ತಾನೆ. ತೀರಾ ಒರಟು ಅಂದಾಜು. ಆದರೂ ಒಂದೇ ಕಡೆಗೆ ವಾಲಿದ ಅಂದಾಜು ಅಲ್ಲ. ಈಗ 'ನೂರರಲ್ಲಿ ಒಟ್ಟು ಎಷ್ಟು ಮನೆ ಹೌದು ಅಂದವು' ಅನ್ನುವ ಒಂದು ಸಂಖ್ಯೆ ತಗೊಂಡು, ಆ ಒಟ್ಟು ಹಾಗೇ ಇದ್ದಾಗ ಸೋಮಾರಿಯ ಉತ್ತರ ಸರಾಸರಿ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ. ಸಿಗುವುದು 100 ಮನೆಯ ಸರಿಯಾದ ಶೇಕಡಾವಾರು! ಒರಟು ಅಂದಾಜನ್ನು ಕೊಟ್ಟರೆ ಅದನ್ನು ತಿದ್ದಿ ಉತ್ತಮ ಮಾಡುವ ವಿಧಾನ ಇದು. ಉತ್ತಮ ಆಗದಿದ್ದರೂ ಕೆಡುವುದಂತೂ ಇಲ್ಲ.

ಮೂರನೆಯದು ಇನ್‌ಫರ್ಮೇಷನ್ ಜಿಯಾಮೆಟ್ರಿ. ಎರಡು ಸಾಧ್ಯತೆಗಳ ನಡುವೆ 'ದೂರ' ಎಷ್ಟು ಅನ್ನುವುದು ಇದರ ಪ್ರಶ್ನೆ. ನೂರಕ್ಕೆ 50 ಮತ್ತು 51ರ ನಡುವೆ ವ್ಯತ್ಯಾಸ 1. ನೂರಕ್ಕೆ 1 ಮತ್ತು 2ರ ನಡುವೆಯೂ ವ್ಯತ್ಯಾಸ 1. ಆದರೆ ಸಮೀಕ್ಷೆ ಮಾಡಿ ಪತ್ತೆ ಹಚ್ಚಲು ಎರಡನೆಯದು ಸುಲಭ, ಮೊದಲನೆಯದು ಕಷ್ಟ. ಹಾಗಾದರೆ ಎರಡನೆಯ ಜೋಡಿಯ ನಡುವೆ ನಿಜವಾದ ದೂರ ಜಾಸ್ತಿ ಅಂತಾಯಿತು. ಸಾಧ್ಯತೆಗಳನ್ನೆಲ್ಲ ಒಂದು ಬಾಗಿದ ಮೇಲ್ಮೈಯ ಮೇಲಿನ ಬಿಂದುಗಳು ಅಂತ ತಿಳಿದು, ಅಲ್ಲಿ ದೂರ ಅಳೆಯುವುದನ್ನು ರಾವ್ ಹೇಳಿಕೊಟ್ಟರು. ಈ ವಿಚಾರ ಬಹಳ ವರ್ಷ ಹಾಗೇ ಇತ್ತು. ಆಮೇಲೆ ಅದೇ ಒಂದು ಶಾಖೆಯಾಗಿ ಬೆಳೆಯಿತು. ಜಿನೀವಾ ಬಳಿ ಕಣಗಳನ್ನು ಡಿಕ್ಕಿ ಹೊಡೆಸುವ ದೊಡ್ಡ ಯಂತ್ರವಾದ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನಲ್ಲಿ ಹಿಗ್ಸ್ ಬೋಸಾನ್ ಅನ್ನುವ ಕಣದ ಅಳತೆಗಳನ್ನು ಉತ್ತಮಗೊಳಿಸಲು ಇದು ನೆರವಾಗಿದೆ ಅಂತ ಪ್ರಶಸ್ತಿ ಕೊಟ್ಟವರೇ ಹೇಳಿದ್ದಾರೆ.

ಕ್ರಾಮೆರ್ ಮತ್ತು ಬ್ಲ್ಯಾಕ್‌ವೆಲ್ ಯಾರು? ರಾವ್ ಒಬ್ಬರದೇ ಕೆಲಸ ಅಲ್ವಾ?

ಹರಾಲ್ಡ್ ಕ್ರಾಮೆರ್ ಸ್ವೀಡನ್ನಿನವರು, 1946ರಲ್ಲಿ ತಮ್ಮ ಪುಸ್ತಕದಲ್ಲಿ ಮೊದಲನೆಯ ವಿಚಾರದ, ಅಂದರೆ ಆ ಮಿತಿಯ, ಫಲಿತಾಂಶ ಕೊಟ್ಟರು. ಡೇವಿಡ್ ಬ್ಲ್ಯಾಕ್‌ವೆಲ್ ಅಮೆರಿಕದವರು, 1947ರಲ್ಲಿ ತಾವಾಗಿಯೇ ಎರಡನೆಯ ಪ್ರಮೇಯಕ್ಕೆ ಬಂದರು. ಫ್ರಾನ್ಸಿನ ಮೊರಿಸ್ ಫ್ರೆಶೆ 1943ರಲ್ಲೇ ಮೊದಲನೆಯದಕ್ಕೆ ಹತ್ತಿರದ ಫಲಿತಾಂಶ ಪ್ರಕಟಿಸಿದ್ದರು. ಯುದ್ಧದ ಕಾಲದಲ್ಲಿ ಒಬ್ಬರ ಕೆಲಸ ಇನ್ನೊಬ್ಬರಿಗೆ ತಲುಪುತ್ತಿರಲಿಲ್ಲ. ಈ ಹೆಸರುಗಳನ್ನೂ ಹೇಳಿ. ಅದರಿಂದ ರಾವ್ ಅವರ ಹಿರಿಮೆ ಒಂದಿಷ್ಟೂ ಕುಗ್ಗುವುದಿಲ್ಲ.

1945ರ ಕೆಲಸಕ್ಕೆ 2023ರಲ್ಲಿ ಪ್ರಶಸ್ತಿಯಾ? ಇಷ್ಟು ತಡ ಯಾಕೆ?

ಮೊದಲ ಕಾರಣ ಸರಳ. ಈ ಪ್ರಶಸ್ತಿ ಹುಟ್ಟಿದ್ದೇ ಇತ್ತೀಚೆಗೆ, ಮೊದಲ ಬಾರಿ ಕೊಟ್ಟದ್ದು 2017ರಲ್ಲಿ. ಇನ್ನೊಂದು ಕಾರಣ, ಇಂಥ ಕೆಲಸದ ಬೆಲೆ ಬೇರೆಯವರು ಅದನ್ನು ಬಳಸಿದಾಗ ತಿಳಿಯುತ್ತದೆ. ಕಾಕ್ಸ್ ಅವರ ಕೆಲಸ 1972ರದು, ಪ್ರಶಸ್ತಿ 2017ರಲ್ಲಿ. ಎಫ್ರಾನ್ ಅವರದು 1979ರದು, ಪ್ರಶಸ್ತಿ 2019ರಲ್ಲಿ. ನಕ್ಷತ್ರಗಳ ಬಗ್ಗೆ ಎಸ್. ಚಂದ್ರಶೇಖರ್ 1930ರ ಹೊತ್ತಿಗೆ ಶುರು ಮಾಡಿದ ಕೆಲಸಕ್ಕೆ ನೊಬೆಲ್ ಬಂದದ್ದು 1983ರಲ್ಲಿ.

ಆದರೂ 78 ವರ್ಷ ಅಂದರೆ ತುಂಬ ಜಾಸ್ತಿಯೇ. ರಾವ್ ನೂರು ದಾಟಿ ಬದುಕಿದ್ದರಿಂದ ಅದನ್ನು ಕಣ್ಣಾರೆ ಕಂಡರು. ಅದೇ ಕಾಲದ ಎಷ್ಟೋ ಜನರಿಗೆ ಆ ಭಾಗ್ಯ ಸಿಗಲಿಲ್ಲ. ಬದುಕಿರುವಾಗಲೇ ವಿದ್ವಾಂಸರನ್ನು ಗುರುತಿಸಬೇಕು ಅಂತ ನಾನು ಹೇಳುವುದು ಇದಕ್ಕೇ. ನಮ್ಮ ಊರಿನ ಕಾಲೇಜಿನಲ್ಲೇ ಒಳ್ಳೆಯ ಸಂಶೋಧನೆ ಮಾಡುತ್ತಿರುವವರು ಇರುತ್ತಾರೆ. ಅವರಿಗೆ ವಿದೇಶದಿಂದ ಪದಕ ಬರುವ ತನಕ ಕಾಯಬೇಕಿಲ್ಲ.

'ಭಾರತ ಕೈಬಿಟ್ಟಿತು, ಅಮೆರಿಕ ಗೌರವಿಸಿತು' ಅನ್ನುವ ವಾಟ್ಸಾಪ್ ಸಂದೇಶ ಓದಿದೆ. ನಿಜವಾ?

ಅರ್ಧ ನಿಜ. ಆ ಸಂದೇಶ ಬೇರೆ ಬೇರೆ ರೂಪದಲ್ಲಿ ಓಡಾಡುತ್ತಿದೆ. ವಯಸ್ಸು ಅರವತ್ತರ ಆಸುಪಾಸಿನಲ್ಲಿದ್ದಾಗ ಅಮೆರಿಕಕ್ಕೆ ಹೋದದ್ದು, ಅಲ್ಲಿ ಪ್ರೊಫೆಸರ್ ಆದದ್ದು, ಎಪ್ಪತ್ತೈದು ವಯಸ್ಸಿನ ಹೊತ್ತಿಗೆ ಅಲ್ಲಿನ ಪೌರತ್ವ ಪಡೆದದ್ದು, 2002ರಲ್ಲಿ ಶ್ವೇತಭವನದಲ್ಲಿ ಅಮೆರಿಕದ ನ್ಯಾಷನಲ್ ಮೆಡಲ್ ಆಫ್ ಸೈನ್ಸ್ ಸ್ವೀಕರಿಸಿದ್ದು, ಇವೆಲ್ಲ ನಿಜ. 'ನೊಬೆಲ್ ಬಂತು' ಅನ್ನುವುದು ಸುಳ್ಳು. ಭಾರತ ಗೌರವಿಸಲೇ ಇಲ್ಲ ಅನ್ನುವುದೂ ಸುಳ್ಳು. 1963ರಲ್ಲಿ ಭಟ್ನಾಗರ್ ಪ್ರಶಸ್ತಿ, 1968ರಲ್ಲಿ ಪದ್ಮಭೂಷಣ, 2001ರಲ್ಲಿ ಪದ್ಮವಿಭೂಷಣ ಬಂದಿವೆ. ಯುವ ಸ್ಟ್ಯಾಟಿಸ್ಟಿಕ್ಸ್ ತಜ್ಞರಿಗೆ ಕೇಂದ್ರ ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ. ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದಲ್ಲಿ ಅವರ ಹೆಸರಿನ ಸಂಶೋಧನಾ ಸಂಸ್ಥೆ ಇದೆ, ಆ ಊರಲ್ಲಿ ಅವರ ಹೆಸರಿನ ರಸ್ತೆಯೂ ಇದೆ.

ಜೀವನಪೂರ್ತಿ ಅಂಕಿಅಂಶದ ಸತ್ಯಾಸತ್ಯ ಪರೀಕ್ಷೆ ಮಾಡುವುದನ್ನು ಕಲಿಸಿದವರ ಬಗ್ಗೆ ಪರೀಕ್ಷೆ ಮಾಡದ ಸುದ್ದಿ ಹಂಚುವುದು ನನಗೆ ಬೇಸರ ತರುತ್ತದೆ. ಅವರ ನಿಜವಾದ ಬದುಕೇ ಸಾಕಷ್ಟು ದೊಡ್ಡದು.

ಅವರು ಕನ್ನಡಿಗರಾ? ನಮ್ಮವರು ಅನ್ನಬಹುದಾ?

ಮನೆಮಾತು ತೆಲುಗು. ಅವರು ಹುಟ್ಟಿದಾಗ ಹಡಗಲಿ ಬಳ್ಳಾರಿ ಜಿಲ್ಲೆಯಲ್ಲಿತ್ತು, ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿತ್ತು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ. ಈಗ ಹಡಗಲಿ ವಿಜಯನಗರ ಜಿಲ್ಲೆಯ ತಾಲ್ಲೂಕು. ಅವರ ಓದು ಆಂಧ್ರದಲ್ಲಿ, ದೊಡ್ಡ ಕೆಲಸ ಬಂಗಾಳದಲ್ಲಿ, ಪಿಎಚ್.ಡಿ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ, ಕೊನೆಯ ದಶಕಗಳು ಅಮೆರಿಕದಲ್ಲಿ.

ಹಾಗಾಗಿ 'ಕನ್ನಡಿಗ ವಿಜ್ಞಾನಿ' ಅಂತ ಬರೆಯಬೇಡಿ. 'ನಮ್ಮ ಹಡಗಲಿಯಲ್ಲಿ ಹುಟ್ಟಿದವರು' ಅಂತ ಬರೆಯಿರಿ, ಅದು ಪೂರ್ತಿ ನಿಜ. ಆಂಧ್ರದವರೂ ಬಂಗಾಳದವರೂ ಅವರನ್ನು ತಮ್ಮವರು ಅನ್ನುತ್ತಾರೆ, ಅವರಿಗೂ ಆ ಹಕ್ಕಿದೆ. ಮಲ್ಲಿಗೆಯ ಊರಿನ ಒಂದು ಮಗು, ತನ್ನ ಊರಲ್ಲಿ ಹುಟ್ಟಿದವರ ಹೆಸರು ಜಗತ್ತಿನ ಎಲ್ಲ ಸ್ಟ್ಯಾಟಿಸ್ಟಿಕ್ಸ್ ಪಠ್ಯದಲ್ಲೂ ಇದೆ ಅಂತ ತಿಳಿದು ಪುಸ್ತಕ ತೆರೆದರೆ ನನಗೆ ಅಷ್ಟೇ ಬೇಕಾದದ್ದು.

ಅವರು ಸ್ಟ್ಯಾಟಿಸ್ಟಿಕ್ಸ್‌ಗೆ ಬಂದದ್ದು ಹೇಗೆ?

ಕೆಲಸ ಸಿಗದೆ! ಗಣಿತ ಎಂ.ಎ. ಆದ ಮೇಲೆ ಸೇನೆಯ ಸರ್ವೇ ವಿಭಾಗದ ಒಂದು ಕೆಲಸದ ಸಂದರ್ಶನಕ್ಕೆ ಕಲ್ಕತ್ತೆಗೆ ಹೋದರು. ಆ ಕೆಲಸ ಸಿಗಲಿಲ್ಲ. ಉಳಿದುಕೊಂಡಿದ್ದ ಹೋಟೆಲಿನಲ್ಲಿ ಐಎಸ್ಐಯಲ್ಲಿ ತರಬೇತಿ ಪಡೆಯುತ್ತಿದ್ದ ಒಬ್ಬರ ಪರಿಚಯವಾಯಿತು. ಅವರ ಜೊತೆ ಹೋಗಿ ಸಂಸ್ಥೆ ನೋಡಿದರು. 1941ರ ಜನವರಿ 1ರಂದು ಅಲ್ಲಿಗೆ ಸೇರಿದರು. ಅದನ್ನು ಕಟ್ಟಿದವರು ಪಿ.ಸಿ. ಮಹಲನೋಬಿಸ್. ಆಗ ಅದು ಪ್ರೆಸಿಡೆನ್ಸಿ ಕಾಲೇಜಿನೊಳಗೇ ನಡೆಯುತ್ತಿತ್ತು.

1946ರಲ್ಲಿ ರಾವ್ ಅವರನ್ನು ಮಹಲನೋಬಿಸ್ ಕೇಂಬ್ರಿಡ್ಜ್‌ಗೆ ಕಳಿಸಿದರು. ಅಲ್ಲಿನ ಮ್ಯೂಸಿಯಂನಲ್ಲಿ ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಹಳೇ ಅಸ್ಥಿಪಂಜರಗಳ ಅಳತೆ ವಿಶ್ಲೇಷಿಸುವ ಕೆಲಸ. ಅದರ ಜೊತೆಗೇ ಫಿಶರ್ ಬಳಿ ಪಿಎಚ್.ಡಿ. ಮಾಡಿದರು.

ಅವರ ಶಿಷ್ಯರಲ್ಲಿ ಯಾರಿಗಾದರೂ ದೊಡ್ಡ ಪ್ರಶಸ್ತಿ ಬಂದಿದೆಯಾ?

ಎಸ್.ಆರ್.ಎಸ್. ವರಧನ್ ಅವರಿಗೆ 2007ರಲ್ಲಿ ಏಬೆಲ್ ಪ್ರಶಸ್ತಿ ಬಂತು. ಮದರಾಸಿನಲ್ಲಿ ಹುಟ್ಟಿ ಐಎಸ್ಐಯಲ್ಲಿ ರಾವ್ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡಿದವರು. ಅವರ ಪ್ರಬಂಧ ಪರೀಕ್ಷಿಸಿದವರಲ್ಲಿ ರಷ್ಯಾದ ಮಹಾ ಗಣಿತಜ್ಞ ಕೊಲ್ಮಗೊರೊವ್ ಕೂಡ ಒಬ್ಬರು. ವರಧನ್, ವರದರಾಜನ್, ಕೆ.ಆರ್. ಪಾರ್ಥಸಾರಥಿ, ರಂಗ ರಾವ್, ಈ ನಾಲ್ವರೂ ಆ ಕಾಲದಲ್ಲಿ ಒಟ್ಟಿಗೆ ಅಲ್ಲಿದ್ದರು. ಶಿಷ್ಯನಿಗೆ ಜಾಗತಿಕ ಪ್ರಶಸ್ತಿ ಬಂದು 16 ವರ್ಷದ ಮೇಲೆ ಗುರುವಿಗೆ ಬಂತು ನೋಡಿ. ಎಷ್ಟು ಸಂತೋಷದ ವಿಷಯ, ಅಲ್ವಾ?

ಕರ್ನಾಟಕದ ನಂಟಿರುವ ಬೇರೆ ಯಾರ ಬಗ್ಗೆ ಕಾರ್ಯಕ್ರಮ ಮಾಡಬಹುದು?

ಖಗೋಳ ವಿಜ್ಞಾನಿ ಶ್ರೀನಿವಾಸ ಕುಲಕರ್ಣಿ. ಹುಬ್ಬಳ್ಳಿಯಲ್ಲಿ ಬೆಳೆದವರು. 2024ರ ಶಾ ಪ್ರಶಸ್ತಿ ಅವರಿಗೆ ಬಂತು, ಅದರ ಮೊತ್ತ 12 ಲಕ್ಷ ಡಾಲರ್. ಸೆಕೆಂಡಿಗೆ ನೂರಾರು ಸುತ್ತು ತಿರುಗುವ ಮೊದಲ ಪಲ್ಸಾರ್ ನಕ್ಷತ್ರವನ್ನು 1982ರಲ್ಲಿ ಪತ್ತೆ ಮಾಡಿದ ತಂಡದಲ್ಲಿ ಅವರಿದ್ದರು, ಆಗಿನ್ನೂ ವಿದ್ಯಾರ್ಥಿ. ಆಕಾಶವನ್ನು ಮತ್ತೆ ಮತ್ತೆ ಚಿತ್ರ ತೆಗೆದು, ದಿಢೀರನೆ ಬೆಳಗಿ ಆರುವ ವಸ್ತುಗಳನ್ನು ಹಿಡಿಯುವ ಯೋಜನೆಗಳನ್ನೂ ಕಟ್ಟಿದರು. ಅವರ ಬಗ್ಗೆ ಕನ್ನಡದಲ್ಲಿ ಬರೆದದ್ದು ಸಾಲದು. ಹುಬ್ಬಳ್ಳಿ-ಧಾರವಾಡದವರು ಯಾರಾದರೂ ಬರೆಯಲಿ ಅಂತ ಆಸೆ.

ಯಾವ ದಿನ ಆಚರಿಸಬೇಕು?

ಜೂನ್ 29 ರಾಷ್ಟ್ರೀಯ ಸ್ಟ್ಯಾಟಿಸ್ಟಿಕ್ಸ್ ದಿನ, ಅದು ಮಹಲನೋಬಿಸ್ ಹುಟ್ಟಿದ ದಿನ. ಸೆಪ್ಟೆಂಬರ್ 10 ರಾವ್ ಹುಟ್ಟಿದ ದಿನ. ಎರಡರಲ್ಲಿ ಯಾವುದಾದರೂ ಸರಿ.

ಫೆಬ್ರವರಿ 28ರ ವಿಜ್ಞಾನ ದಿನವನ್ನು ಮಾತ್ರ ಗಮನಿಸಿ. ಅದು ಸಿ.ವಿ. ರಾಮನ್ ಹುಟ್ಟಿದ ದಿನವೂ ಅಲ್ಲ, ಅವರಿಗೆ ನೊಬೆಲ್ ಬಂದ ದಿನವೂ ಅಲ್ಲ. 1928ರಲ್ಲಿ ರಾಮನ್ ಪರಿಣಾಮ ಕಂಡುಹಿಡಿದದ್ದರ ನೆನಪಿನ ದಿನ. ವ್ಯಕ್ತಿಗಿಂತ ಪ್ರಶಸ್ತಿಗಿಂತ ಕೆಲಸವನ್ನು ಮುಂದಿಟ್ಟ ಆ ಆಯ್ಕೆ ನನಗೆ ತುಂಬ ಹಿಡಿಸಿದೆ.

ಶಾಲೆಯಲ್ಲಿ ಏನು ಮಾಡಿಸಬಹುದು?

ಹೈಸ್ಕೂಲ್ ಮಕ್ಕಳಿಗೆ ನಾನು ಹೇಳುವುದು ಹುಣಸೆ ಬೀಜದ ಲೆಕ್ಕ. ಒಂದು ದೊಡ್ಡ ಡಬ್ಬದಲ್ಲಿ ಎಷ್ಟು ಅಂತ ಎಣಿಸದೆ ಹುಣಸೆ ಬೀಜ ತುಂಬಿ. ಅದರಿಂದ 50 ಬೀಜ ತೆಗೆದು ಸುಣ್ಣದಿಂದ ಗುರುತು ಹಾಕಿ, ಒಣಗಿದ ಮೇಲೆ ವಾಪಸ್ ಹಾಕಿ ಚೆನ್ನಾಗಿ ಕಲಸಿ. ಈಗ ಕಣ್ಣು ಮುಚ್ಚಿ 60 ಬೀಜ ತೆಗೆಯಿರಿ. ಅದರಲ್ಲಿ 6ಕ್ಕೆ ಗುರುತು ಇದ್ದರೆ, ಹತ್ತರಲ್ಲಿ ಒಂದಕ್ಕೆ ಗುರುತು ಇದೆ ಅಂತಾಯಿತು. ಹಾಗಾದರೆ ಡಬ್ಬದಲ್ಲಿ ಸುಮಾರು 500 ಬೀಜ. ಕೆರೆಯ ಮೀನು, ಕಾಡಿನ ಪ್ರಾಣಿ ಎಣಿಸುವವರು ಬಳಸುವ ಉಪಾಯವೂ ಇದೇ.

ಪ್ರತಿ ಮಗುವೂ ಒಮ್ಮೊಮ್ಮೆ ತೆಗೆದು ತನ್ನ ಅಂದಾಜನ್ನು ಬೋರ್ಡಿನ ಮೇಲೆ ಬರೆಯಲಿ. ಒಬ್ಬರದು 430, ಇನ್ನೊಬ್ಬರದು 600 ಬರುತ್ತದೆ. ಯಾಕೆ ಬೇರೆ ಬೇರೆ ಬಂತು ಅಂತ ಮಕ್ಕಳೇ ಕೇಳುತ್ತಾರೆ. 60ರ ಬದಲು 120 ತೆಗೆದರೆ ಅಂದಾಜುಗಳು ಹತ್ತಿರ ಹತ್ತಿರ ಬರುತ್ತವಾ ಅಂತ ಮಾಡಿ ನೋಡಲಿ. ಅಲ್ಲಿಂದ ರಾವ್ ಅವರ ಪ್ರಶ್ನೆಗೆ ಒಂದೇ ಹೆಜ್ಜೆ: ಇಷ್ಟೇ ಬೀಜ ತೆಗೆದಾಗ ಎಷ್ಟರ ಮಟ್ಟಿಗೆ ಸರಿಯಾಗಿ ಹೇಳಲು ಸಾಧ್ಯ? ಆ ಹೊತ್ತಿಗೆ ಅವರ ಫೋಟೋ ತೋರಿಸಿ ಕಥೆ ಹೇಳಿ. ಕೊನೆಗೆ ಡಬ್ಬದ ಬೀಜಗಳನ್ನು ಎಲ್ಲರೂ ಸೇರಿ ಎಣಿಸಲು ಬಿಡಿ. ಆ ಗದ್ದಲ ನೋಡಬೇಕು!

ಕಾಲೇಜಿನಲ್ಲಾದರೆ ದಾಂಡೇಕರ್ ಹೆಸರಿನಲ್ಲಿ ಒಂದು ಬಹುಮಾನ ಇಡಿ. ವರ್ಷದಲ್ಲಿ ಮೇಷ್ಟ್ರಿಗೆ ಉತ್ತರ ಹೊಳೆಯದಂಥ ಒಳ್ಳೆ ಪ್ರಶ್ನೆ ಕೇಳಿದವರಿಗೆ ಕೊಡಿ.

ಹಾರ, ಶಾಲು, ಪೇಟ, ಭಾಷಣ ಎಲ್ಲ ಬೇಡವಾ?

ಬೇಕು. ವಿದ್ವಾಂಸರಿಗೆ ಪೇಟ ತೊಡಿಸಿ ಗೌರವಿಸುವುದು ನಮ್ಮ ಒಳ್ಳೆಯ ರೂಢಿ, ಅದನ್ನು ಬಿಡಬಾರದು. ಸಿನಿಮಾದವರಿಗೆ, ಕ್ರಿಕೆಟ್ಟಿನವರಿಗೆ ಮೆರವಣಿಗೆ ಮಾಡುವ ಊರು ಗಣಿತಜ್ಞರಿಗೂ ಮಾಡಲಿ. ಆದರೆ ಅತಿಥಿಗಳ ಭಾಷಣ ಕಡಿಮೆ ಮಾಡಿ, ಕೆಲಸವನ್ನು ವಿವರಿಸಬಲ್ಲ ಒಬ್ಬರಿಗೆ ಅರ್ಧ ಗಂಟೆ ಕೊಡಿ. ಕನ್ನಡದಲ್ಲೇ ವಿವರಿಸಲಿ.

ಇದನ್ನೇ ಓದಬೇಕು ಅನ್ನುವ ಮಕ್ಕಳು ಎಲ್ಲಿಗೆ ಹೋಗಬೇಕು?

ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಇದೆ. ವಾಣಿಜ್ಯ ವಿಭಾಗದಲ್ಲಿ ಎಸ್‌ಇಬಿಎ (ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ) ತೆಗೆದುಕೊಂಡವರು ಓದುತ್ತಾರೆ. ಆಮೇಲೆ ಬಿ.ಎಸ್ಸಿ., ಎಂ.ಎಸ್ಸಿ. ಮಾಡಬಹುದು. ಗಣಿತ ಗಟ್ಟಿ ಇದ್ದರೆ ಐಎಸ್ಐ ಪ್ರವೇಶ ಪರೀಕ್ಷೆ ಬರೆಯಿರಿ. ಕಲ್ಕತ್ತೆಯಲ್ಲಿ ಬಿ.ಸ್ಟ್ಯಾಟ್., ಬೆಂಗಳೂರು ಕೇಂದ್ರದಲ್ಲಿ ಬಿ.ಮ್ಯಾಥ್. ಇದೆ. ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲಿದೆ. ಪರೀಕ್ಷೆ ಕಷ್ಟವೇ, ಆದರೆ ಕೇಳುವುದು ಬಾಯಿಪಾಠ ಅಲ್ಲ, ಯೋಚನೆ. ಹಳ್ಳಿ ಮಕ್ಕಳು ಹೆದರುವ ಕಾರಣ ಇಲ್ಲ.

ಬ್ಯಾನರ್ ಮಾಡಿಸುವ ಮೊದಲು ಏನು ನೋಡಿಕೊಳ್ಳಬೇಕು?

ಫೋಟೋ ಸಿ.ಎನ್.ಆರ್. ರಾವ್ ಅವರದಲ್ಲ ತಾನೇ ಅಂತ ಮೊದಲು ನೋಡಿ, ಇದು ಆಗಾಗ ಆಗುತ್ತದೆ. 'ನೊಬೆಲ್ ಪುರಸ್ಕೃತ' ಅಂತ ಹಾಕಬೇಡಿ. ಹುಟ್ಟಿದ ದಿನ 10-9-1920, ತೀರಿಕೊಂಡದ್ದು 22-8-2023. ಜಾಗ ಇದ್ದರೆ ಕೆಳಗೆ ಒಂದು ಸಾಲು ಸೇರಿಸಿ: '1945ರ ಪ್ರಬಂಧ, ಕಲ್ಕತ್ತಾ'. ಓದಿದವರು ಅದೇನು ಅಂತ ಕೇಳಿದರೆ ಹೇಳಲು ಒಬ್ಬ ವಿದ್ಯಾರ್ಥಿಯನ್ನು ಪಕ್ಕದಲ್ಲಿ ನಿಲ್ಲಿಸಿ.